ಬಸುರಿಯರು ಕೂಲ್ ಡ್ರಿಂಕ್ಸ್ ಕುಡೀಬೋದಾ?

ಅರಸೀಕೆರೆ ರೈಲು ನಿಲ್ದಾಣದಲ್ಲಿ ನೋಡಿದ್ದೀರಿ. ಬೇಲೂರು ಚೆನ್ನಕೇಶವನ ತೇರಿನಲ್ಲಿ, ಹಳೇಬೀಡಿನ ಅಂಗಡಿ ಸಾಲಿನಲ್ಲಿ ನೋಡಿದ್ದೀರಿ. ಎಲ್ಲಿ ಹೋದರೂ ಬಣ್ಣ ಬಣ್ಣದ ಬಾಟಲಿ. ಬಿಸಿಲು ಜೋರು. ಬಸುರಿ ಹೆಂಗಸಿಗೆ ವಾಕರಿಕೆ ಬೇರೆ. ತಣ್ಣಗೆ ಒಂದು ಬಾಟಲಿ ಕುಡಿಯೋಣ ಅನ್ನಿಸುತ್ತೆ. ಕುಡೀಬೋದಾ?

ಯಾವಾಗಲೋ ಒಮ್ಮೆ ಕುಡಿದರೆ ಭಯ ಬೇಡ. ತಂಪು ಕುಡಿದರೆ ಗರ್ಭ ಇಳಿಯುತ್ತೆ, ಹೊಟ್ಟೆಯಲ್ಲಿರೋ ಮಗುವಿಗೆ ಶೀತ ಆಗುತ್ತೆ ಅನ್ನೋ ಮಾತು ನಿಜ ಅಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ಹೋದರೆ, ಬಹಳ ಸಲ ಅದಕ್ಕೆ ಕಾರಣ ಪಿಂಡದಲ್ಲೇ ಇರುವ ದೋಷ. "ನೀನು ಆವತ್ತು ಬಾಟಲಿ ಕುಡಿದೆ, ಅದಕ್ಕೇ ಹೀಗಾಯ್ತು" ಅಂತ ಯಾರನ್ನೂ ಚುಚ್ಚಬೇಡಿ. ಅವಳ ದುಃಖವೇ ಅವಳಿಗೆ ಸಾಕಾಗಿದೆ.

ಆದರೆ ದಿನಾ ಕುಡಿಯೋದು ಬೇಡ. ಯಾಕೆ? ಲೆಕ್ಕ ಹಾಕೋಣ. 250 ಮಿಲಿಯ ಒಂದು ಬಾಟಲಿ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತೆ. ಅಂದರೆ ಆರು ಚಮಚಕ್ಕಿಂತ ಜಾಸ್ತಿ! ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಇಡೀ ದಿನದ ಸಕ್ಕರೆ ಒಂದೇ ಬಾಟಲಿಯಲ್ಲಿ ಮುಗಿದುಹೋಯ್ತು. ಹೊಟ್ಟೆ ತುಂಬಿದ ಹಾಗೆ ಆಗುತ್ತೆ. ಊಟ ಸೇರಲ್ಲ. ಮಗುವಿಗೆ ಬೇಕಾದ ಸತ್ವ ಸಿಗಲ್ಲ.

ಕೋಲಾದಲ್ಲಿ ಕಾಫಿಯಲ್ಲಿರುವ ಕೆಫೀನ್ ಕೂಡ ಇದೆ. ಕಾಫಿಗಿಂತ ಕಮ್ಮಿ ನಿಜ. ಕಾಫಿ, ಟೀ, ಕೋಲಾ ಎಲ್ಲ ಸೇರಿದರೆ ಜಾಸ್ತಿ ಆಗುತ್ತೆ. 'ಎನರ್ಜಿ ಡ್ರಿಂಕ್' ಅಂತೂ ಬೇಡವೇ ಬೇಡ.

ಕೆಲವರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುತ್ತೆ. ಮೊದಲು ಏನೂ ಗೊತ್ತಾಗಲ್ಲ. ಮಗು ತೀರಾ ದಪ್ಪ ಬೆಳೆದು ಹೆರಿಗೆ ಕಷ್ಟ ಆಗಬಹುದು. ಅದಕ್ಕೇ ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ, 2 ಗಂಟೆ ಬಿಟ್ಟು ನೋಡುತ್ತಾರೆ. ಅದು ಪರೀಕ್ಷೆಗೆ ಮಾತ್ರ. ಹೆದರಬೇಡಿ. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಇದು 2016ರಲ್ಲಿ ಶುರುವಾಯಿತು.

ಹಾಗಾದರೆ ಬಾಯಾರಿದಾಗ ಏನು ಕುಡಿಯೋದು? ಕಾಯಿಸಿ ಆರಿಸಿದ ನೀರು. ಮನೆಯ ನೀರುಮಜ್ಜಿಗೆ. ರಾಗಿ ಅಂಬಲಿ. ಅರಸೀಕೆರೆ ಅಂದರೆ ತೆಂಗಿನ ನಾಡು. ನಮ್ಮ ತೋಟದ ಎಳನೀರು ಇರುವಾಗ ಬಾಟಲಿ ಯಾಕೆ? ನಿಂಬೆಹಣ್ಣಿನ ನೀರೂ ಒಳ್ಳೇದು. ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗಿ. ಕಾಫಿ, ಟೀ ಜೊತೆ ಬೇಡ. ವಾಂತಿ ನಿಲ್ಲದೇ ಇದ್ದರೆ, ಮೂತ್ರ ಕಮ್ಮಿ ಆದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಈಗ ನೀವು ಓದು ಕಲಿತಿದ್ದೀರಿ. ಬಾಟಲಿ ಹಿಂದೆ ಸಕ್ಕರೆ ಎಷ್ಟಿದೆ ಅಂತ ಬರೆದಿರುತ್ತೆ. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗೋ ಮಕ್ಕಳನ್ನು ಕೇಳಿ. ಅಂಕಿಯನ್ನು ನೀವೇ ಓದಿ. ತಾಯಿ ಕಾರ್ಡನ್ನೂ ತೆಗೆದು ಓದಿ. ರಕ್ತದ ಅಂಶ 11ಕ್ಕಿಂತ ಕಮ್ಮಿ ಇದ್ದರೆ ಆಶಾ ಅಕ್ಕನನ್ನು ಕೇಳಿ. ಕೇಳೋಕೆ ನಾಚಿಕೆ ಬೇಡ. ನಿಮ್ಮ ಮಗುವಿನ ಲೆಕ್ಕ ನಿಮಗೆ ಗೊತ್ತಿರಲಿ.