ಮೂರನೆಯ ಗಾಲಿ

ಮೋಟಾರ್ ಸೈಕಲ್ಲಿನ ಮಗ್ಗುಲಿಗೆ ತೊಟ್ಟಿಲಿನಂತೆ ಕೂಡಿಸಿದ ಸೈಡ್‌ಕಾರನ್ನು ನಮ್ಮಲ್ಲಿ ಬಹುಮಂದಿ ಕಂಡದ್ದು ಬೆಳ್ಳಿತೆರೆಯ ಮೇಲೆ. 1975ರಲ್ಲಿ ತೆರೆಕಂಡ, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ಯಲ್ಲಿ ಇಬ್ಬರು ಗೆಳೆಯರು ಅಂಥ ವಾಹನವನ್ನೇರಿ ಹಾಡುತ್ತ ಹೋಗುತ್ತಾರೆ. ನಡುವೆ ಸೈಡ್‌ಕಾರ್ ಕಳಚಿಕೊಂಡು ಬೇರೆ ದಾರಿ ಹಿಡಿಯುತ್ತದೆ. ಮತ್ತೆ ಬಂದು ತಾನಾಗಿ ಕೂಡಿಕೊಳ್ಳುತ್ತದೆ. ತೆರೆಯ ಮೇಲೆ ಅದೊಂದು ವಿನೋದ. ರಸ್ತೆಯ ಮೇಲೆ ಕಳಚಿದ್ದು ತಾನಾಗಿ ಕೂಡುವುದಿಲ್ಲ. ಆ ಕೂಡಿಸುವ ವಿದ್ಯೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಹಳಗನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೇಳಬಹುದು. ನಾನು ಅಧ್ಯಾಪಕನಾಗಿ ಸೇರಿದ 1986ರಲ್ಲಿ ಕೊಂಡ ಯೆಜ್ದಿ ಇನ್ನೂ ನಮ್ಮ ಕಮತಗಿಯ ಮನೆಯ ಪಡಸಾಲೆಯಲ್ಲಿದೆ. ಅದರ ಹಿಂದೆ ಕುಳಿತು ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮಗಳನ್ನು ಕಂಡ ನನ್ನ ಮನೆಯವರಿಗೆ ಈಗ ಮೊಣಕಾಲು ಮಡಚಲು ಬಾರದು. ಬಸ್ಸಿನ ಮೆಟ್ಟಿಲು ಅವರಿಗೆ ಬೆಟ್ಟ. ಅಮೀನಗಡದಲ್ಲಿರುವ ಒಡಹುಟ್ಟಿದ ಅಕ್ಕನನ್ನು ಕಾಣುವುದೇ ಅಪರೂಪವಾಯಿತು. ಹಳೆಯ ಸೈಡ್‌ಕಾರೊಂದನ್ನು ತಂದು ಕೂಡಿಸಿ, ಅದನ್ನು ಅವರಿಗೆ ತಕ್ಕಂತೆ ತಿದ್ದಿಸುವ ಕೆಲಸಕ್ಕೆ ಕೈಹಾಕಿದ್ದು ಈ ಕಾರಣದಿಂದ.

ಈ ಗಾಡಿಯ ಕುಲಗೋತ್ರ ನಮ್ಮ ನಾಡಿನದೇ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ವೈಯಾಕರಣಿಗೆ ಸಂತೋಷವಾಗುವ ಸಮಾಸ ಇದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1973ರಿಂದ ಅವು ಯೆಜ್ದಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಜಾವಾ 2018ರಲ್ಲಿಯೂ ಯೆಜ್ದಿ 2022ರಲ್ಲಿಯೂ ಹೊಸ ರೂಪದಲ್ಲಿ ಮರಳಿದವು. ಆದರೆ ಹೊಸತರ ಎಂಜಿನ್ನೇ ಬೇರೆ. ಹೆಸರು ಉಳಿಯಿತು, ಬಿಡಿಭಾಗ ಉಳಿಯಲಿಲ್ಲ.

ಸೈಡ್‌ಕಾರ್ ಕೂಡಿದೊಡನೆ ಮೋಟಾರ್ ಸೈಕಲ್ಲಿನ ಸ್ವಭಾವವೇ ಬದಲಾಗುತ್ತದೆ. ವಾಲಿ ತಿರುಗುತ್ತಿದ್ದುದು ಇನ್ನು ವಾಲದೆ ತಿರುಗಬೇಕು. ನಮ್ಮಲ್ಲಿ ಅದು ಎಡಮಗ್ಗುಲಿಗೆ ಇರುವುದರಿಂದ, ವೇಗ ಕೊಟ್ಟಾಗ ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕು ಒತ್ತಿದಾಗ ಬಲಕ್ಕೆ ಜಗ್ಗುತ್ತದೆ. ಎಡತಿರುವಿನಲ್ಲಿ ರಭಸವಾಗಿ ಹೊರಳಿದರೆ ಬರಿದಾದ ಸೈಡ್‌ಕಾರ್ ನೆಲಬಿಟ್ಟು ಏಳುತ್ತದೆ. ಆದಕಾರಣ ಮೂರನೆಯ ಗಾಲಿಯನ್ನು ಹಿಂದಿನ ಗಾಲಿಗಿಂತ ತುಸು ಮುಂದೆ ನಿಲ್ಲಿಸಬೇಕು. ಅದರ ಮೊಗವನ್ನು ಒಂದು ಬೆರಳಿನಷ್ಟು ಒಳಕ್ಕೆ ತಿರುಗಿಸಬೇಕು. ಮೋಟಾರ್ ಸೈಕಲ್ಲನ್ನು ಕೂದಲೆಳೆಯಷ್ಟು ಬಲಕ್ಕೆ ಓರೆಯಾಗಿಸಬೇಕು. ರಸ್ತೆಯ ಅಂಚು ಎಡಕ್ಕೆ ಇಳಿಜಾರಾಗಿರುವುದನ್ನು ಈ ಓರೆ ಸರಿದೂಗಿಸುತ್ತದೆ.

ನೇಕಾರರ ಊರಿನವರಿಗೆ ಈ ಮಾತು ಬೇಗ ತಿಳಿದೀತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಆ ಕೂಡಣಿಕೆ ಸಡಿಲಾದರೆ ಸೀರೆಯೇ ಕೆಟ್ಟಿತು. ಸೈಡ್‌ಕಾರಿಗೂ ಗಾಡಿಗೂ ಇರುವ ನಾಲ್ಕು ಕೊಂಡಿಗಳ ಬಿಗಿ ಅದೇ ಬಗೆಯದು. ವ್ಯತ್ಯಾಸವೆಂದರೆ, ಇಲ್ಲಿ ಸಡಿಲಾದರೆ ಕೆಡುವುದು ಸೀರೆಯಲ್ಲ, ಜೀವ.

ನಮ್ಮ ಊರಿನ ಮಿಸ್ತ್ರಿ ಮಾಡಬೇಕಾದ ಕೆಲಸಗಳ ಪಟ್ಟಿ ಹೇಳಿದ. ಮೂರನೆಯ ಗಾಲಿಗೆ ಬ್ರೇಕು ಇರಲಿಲ್ಲ, ಅದು ಬೇಕು. ಭಾರ ಎಳೆಯಲು ಎಂಜಿನ್ನಿನ ಕಡೆಯ ಹಲ್ಲುಚಕ್ರದಲ್ಲಿ ಒಂದೆರಡು ಹಲ್ಲು ಕಡಿಮೆಯಾಗಬೇಕು. ಅಡ್ಡಭಾರ ತಡೆಯಲು ದಪ್ಪ ಸ್ಪೋಕುಗಳು, ಹೊಸ ಬೇರಿಂಗುಗಳು ಬೇಕು. ಮಗ್ಗುಲಿನ ತಗಡು ಕತ್ತರಿಸಿ ಬಾಗಿಲು, ಏಳಲು ಕೂಡಲು ಒಂದು ಹಿಡಿಕೆ. ಕೊನೆಗೆ ಅವನು ಹೇಳಿದ ಮಾತು ಇದು: “ಸರ, ಹಳೇದನ್ನ ಕೈಯಾಗ ಹಿಡಕೊಂಡು ಹೋಗ್ರಿ. ಬಾಯಿಲೆ ಹೇಳಿದ್ರ ಅಂಗಡಿಯಾಂವ ತನ್ನ ಹತ್ರ ಇದ್ದದ್ದ ಕೊಡತಾನ.”

ಬೇರಿಂಗಿಗೆ ತನ್ನದೇ ಆದ ವ್ಯಾಕರಣವಿದೆ. ನನಗೆ ಬೇಕಾದುದು 6204. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ, 20 ಮಿಲಿಮೀಟರ್. ಹೊರಸುತ್ತಿನ ವ್ಯಾಸ 47, ದಪ್ಪ 14. ಜಗತ್ತಿನ ಯಾವ ಮೂಲೆಯಲ್ಲಿ ತಯಾರಾದರೂ ಈ ಸೂತ್ರ ಕದಲುವುದಿಲ್ಲ. ದೊಡ್ಡ ಊರೊಂದರ ಅಂಗಡಿಗೆ ಹಣ ಕಳಿಸಿ ತರಿಸಿದೆ. “ಅಸಲು ಕಂಪನಿ ಮಾಲು” ಎಂಬ ಭರವಸೆಯೊಡನೆ ಬಂದ ಪೊಟ್ಟಣದ ಮೇಲೆ ಹಳೆಯ ಕಂಪನಿಯ ಹೆಸರು ಹಸಿಮಸಿಯಂತೆ ಹೊಳೆಯುತ್ತಿತ್ತು. ಒಳಗಿನ ಬೇರಿಂಗಿನ ಮೇಲೆ ಅಂಕಿಯೇ ಇರಲಿಲ್ಲ. ಮಿಸ್ತ್ರಿ ಅಚ್ಚಿಗೆ ತೊಡಿಸಿದಾಗ ಅದು ಅಲುಗಾಡಿತು. ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಅಂಗಡಿಯವರು ಫೋನಿಟ್ಟರು. ನಾಲ್ಕುನೂರು ಐದುನೂರು ರೂಪಾಯಿಯ ಪ್ರಶ್ನೆ ಅಲ್ಲ ಅದು. ಆ ಗಾಲಿಯ ಮೇಲೆ ಕೂಡಬೇಕಾದವರು ಯಾರೆಂಬುದು ಅವರಿಗೆ ತಿಳಿದಿರಲಿಲ್ಲ; ತಿಳಿಯುವ ಬಯಕೆಯೂ ಇರಲಿಲ್ಲ.

ಹುಬ್ಬಳ್ಳಿಯ ಸಣ್ಣ ಅಂಗಡಿಯ ವೃದ್ಧರೊಬ್ಬರು ಹಳೆಯ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ, “ಕಂಪನಿ ಮಾಲು ಈಗೆಲ್ಲಿ ಬರಬೇಕ್ರೀ ಸರ? ಇದು ಬ್ಯಾರೇದವರು ಮಾಡಿದ್ದು. ಆದ್ರ ನಂಬರ ಐತಿ, ಅಳತಿ ಐತಿ, ನೋಡಿ ತಗೊಳ್ರಿ” ಎಂದು ಅಳತೆಗೋಲನ್ನು ನನ್ನ ಕೈಗೇ ಕೊಟ್ಟರು. ಅಸಲು ಎಂಬ ಮಾತಿಲ್ಲದ ಆ ಸರಕೇ ನನಗೆ ಅಸಲಾಗಿ ಕಂಡಿತು. ಶಬ್ದಕ್ಕೂ ಅರ್ಥಕ್ಕೂ ಹೊಂದಿಕೆಯಿರಬೇಕೆಂದು ಮೂರು ದಶಕ ಪಾಠ ಹೇಳಿದವನಿಗೆ ಆ ಅಂಗಡಿಯ ಕಟ್ಟೆಯ ಮೇಲೆ ಅದರ ಉದಾಹರಣೆ ದೊರೆಯಿತು.

ಇಂಥ ಕೆಲಸಕ್ಕೆ ಹೊರಡುವವರಿಗೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ತಗಡು ಕತ್ತರಿಸುವ ಮೊದಲು ಸಾರಿಗೆ ಕಚೇರಿಯ ಮೆಟ್ಟಿಲು ಹತ್ತುವುದು ಕ್ಷೇಮ. ಪ್ರತಿ ಬಿಡಿಭಾಗಕ್ಕೂ ರಸೀದಿ ಕೇಳುವುದು, ಅಳತೆಯನ್ನು ಕಾಗದದ ಮೇಲೆ ಬರೆದು ಕೊಡುವುದು, ಹಳೆಯದನ್ನು ಎಸೆಯದಿರುವುದು, ಇವು ಅನುಭವ ಕಲಿಸಿದ ನಿಯಮಗಳು.

ಈಗ ನಮ್ಮ ಗಾಡಿ ಮೊದಲಿನಷ್ಟು ವೇಗವಾಗಿ ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ. ಇಬ್ಬರು ಒಂದೇ ಅಚ್ಚಿನ ಹಿಂದೆ ಮುಂದೆ ಕುಳಿತು ಹೋಗುವುದು ಪ್ರಾಯದ ಪಯಣ. ಮಗ್ಗುಲಲ್ಲಿ ಮಗ್ಗುಲಾಗಿ, ಒಬ್ಬರ ಭಾರವನ್ನು ಇನ್ನೊಬ್ಬರ ಗಾಲಿ ತಾಳುತ್ತ ಹೋಗುವುದು ಇಳಿವಯಸ್ಸಿನ ಪಯಣ. ಕಾರ್ಖಾನೆ ಮುಚ್ಚಿಹೋದ ಮೇಲೂ ಅಂಥ ಪಯಣ ನಿಲ್ಲದಂತೆ ಕಾಯುವವರು ಅಳತೆ ತಪ್ಪದ ಮಿಸ್ತ್ರಿಗಳು, ಮಾತು ತಪ್ಪದ ಅಂಗಡಿಕಾರರು. ಅವರ ಸಂತತಿ ಸಾವಿರವಾಗಲಿ.