ಕೋವಿಡ್ ಕಾಲದ ಆರ್ಥಿಕ ನೆರವು ಮತ್ತು ನಮ್ಮ ಗ್ರಾಮದ ಕಸುಬುದಾರರು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ತಾವೆಲ್ಲರೂ 2020ರ ಡಿಸೆಂಬರ್ ತಿಂಗಳ ಚುನಾವಣೆಯಲ್ಲಿ ಆಯ್ಕೆಯಾಗಿ ಬಂದವರು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳುಗಳಲ್ಲಿ ಕೋವಿಡ್‌ನ ಎರಡನೆಯ ಅಲೆಯನ್ನು ಎದುರಿಸಬೇಕಾಯಿತು. ಕಾರ್ಯಪಡೆಯ ಸದಸ್ಯರಾಗಿ ಮನೆಮನೆಗೆ ತೆರಳಿದ್ದೀರಿ, ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿದ್ದೀರಿ, ಲಸಿಕೆಗೆ ಜನರನ್ನು ಒಪ್ಪಿಸಿದ್ದೀರಿ. ಅದು ಜೀವ ಉಳಿಸುವ ಕೆಲಸವಾಗಿತ್ತು. ಇಂದು ನನಗೆ ವಹಿಸಿರುವ ವಿಷಯ ಜೀವನೋಪಾಯಕ್ಕೆ ಸಂಬಂಧಿಸಿದ್ದು. ಆ ಎರಡು ವರ್ಷಗಳಲ್ಲಿ ಅಂಗಡಿ ಮುಂಗಟ್ಟು ಮುಚ್ಚಿ ಕುಳಿತವರಿಗೆ ಸರ್ಕಾರಗಳು ಯಾವ ನೆರವು ನೀಡಿದವು, ಅದು ಯಾರನ್ನು ತಲುಪಿತು, ಮುಂದೆ ಇಂತಹ ಆಪತ್ತು ಬಂದರೆ ನಮ್ಮ ಪಂಚಾಯತಿ ಏನನ್ನು ಸಿದ್ಧವಾಗಿಟ್ಟುಕೊಂಡಿರಬೇಕು ಎಂಬುದನ್ನು ತಮ್ಮ ಮುಂದಿಡುತ್ತೇನೆ.

ಹೇಳಬೇಕಾದ ಮುಖ್ಯ ಮಾತು ಒಂದೇ. ನೆರವಿನ ಹಣ ಹರಿದದ್ದು ಕಷ್ಟದ ಪ್ರಮಾಣವನ್ನು ನೋಡಿ ಅಲ್ಲ, ದಾಖಲೆಯನ್ನು ನೋಡಿ. ನಾನು ಓದಿದ್ದು ಎಂಜಿನಿಯರಿಂಗ್ ಆದುದರಿಂದ ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆ ಕೊಡುತ್ತೇನೆ. ಓವರ್‌ಹೆಡ್ ಟ್ಯಾಂಕ್ ತುಂಬಿದ್ದರೂ ನಲ್ಲಿ ಸಂಪರ್ಕವಿಲ್ಲದ ಮನೆಗೆ ನೀರು ಬರುವುದಿಲ್ಲ. ಆ ಮನೆಯವರ ಬಾಯಾರಿಕೆ ಎಷ್ಟೇ ಇದ್ದರೂ ಪೈಪಿಗೆ ಅದು ತಿಳಿಯದು. ಸರ್ಕಾರದ ನೆರವಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೊದಲು ರಾಜ್ಯ ಸರ್ಕಾರದ ನೆರವನ್ನು ಗಮನಿಸೋಣ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಶ್ರೀ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ಅದರಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಗಳ ಒಂದು ಬಾರಿಯ ನೆರವು ಸೇರಿತ್ತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕೈಮಗ್ಗ ನೇಕಾರರಿಗೆ ನೇಕಾರ ಸಮ್ಮಾನ್ ಯೋಜನೆಯಡಿ ವರ್ಷಕ್ಕೆ 2,000 ರೂಪಾಯಿ, ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕದ ಮನ್ನಾ ಇವೂ ಇದ್ದವು. ಎರಡನೆಯ ಅಲೆಯ ಸಂದರ್ಭದಲ್ಲಿ, 2021ರ ಮೇ 19ರಂದು, 1,250 ಕೋಟಿ ರೂಪಾಯಿಗಳ ಮತ್ತೊಂದು ಪರಿಹಾರ ಪ್ರಕಟವಾಯಿತು. ಆಟೋ, ಟ್ಯಾಕ್ಸಿ ಮತ್ತು ಮ್ಯಾಕ್ಸಿಕ್ಯಾಬ್ ಚಾಲಕರಿಗೆ 3,000 ರೂಪಾಯಿ. ಕ್ಷೌರಿಕರು, ಅಗಸರು, ದರ್ಜಿಗಳು, ಕುಂಬಾರರು, ಕಮ್ಮಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಮನೆಗೆಲಸದವರು ಮುಂತಾದವರಿಗೆ 2,000 ರೂಪಾಯಿ. ಕಲಾವಿದರಿಗೆ 3,000 ರೂಪಾಯಿ. ಹೂ ಮತ್ತು ಹಣ್ಣು ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ನಿಗದಿಯಾದವು.

ಈ ಪಟ್ಟಿಯನ್ನು ಕೇಳುವಾಗ ನಮ್ಮ ಊರಿನ ಮುಖಗಳು ಕಣ್ಣೆದುರು ಬರುತ್ತವೆ. ಆದರೆ ಪ್ರತಿಯೊಂದು ನೆರವಿನ ಹಿಂದೆಯೂ ಒಂದು ದಾಖಲೆ ಇತ್ತು. ಚಾಲಕರಿಗೆ ಚಾಲನಾ ಪರವಾನಗಿ ಮತ್ತು ವಾಹನದ ದಾಖಲೆ ಇರುತ್ತವೆ. ಅವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದಾಗಿತ್ತು. ಕ್ಷೌರಿಕರು ಮತ್ತು ಅಗಸರು ತಾವು ಆ ಕಸುಬು ಮಾಡುತ್ತಿದ್ದೇವೆ ಎಂಬುದನ್ನು ದೃಢೀಕರಿಸುವ ಪತ್ರವನ್ನು ಒದಗಿಸಬೇಕಾಯಿತು. ಮೂವತ್ತು ವರ್ಷಗಳಿಂದ ಅರಳಿಕಟ್ಟೆಯ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತವರನ್ನು ಇಡೀ ಊರು ಬಲ್ಲದು. ಆದರೆ ಕಂಪ್ಯೂಟರಿಗೆ ಊರಿನ ಸಾಕ್ಷ್ಯ ಸಾಲದು.

ಹೂವಿನ ವಿಷಯವನ್ನೇ ತೆಗೆದುಕೊಳ್ಳಿ. ಹೆಕ್ಟೇರ್ ಲೆಕ್ಕದ ನೆರವು ಜಮೀನಿನ ಲೆಕ್ಕವನ್ನು ಅವಲಂಬಿಸಿದೆ. ಹೂ ಬೆಳೆದವರಿಗೆ ಹೆಕ್ಟೇರ್ ಇದೆ. ಅದೇ ಹೂವನ್ನು ಕೊಂಡು, ಕಟ್ಟಿ, ದೇವಸ್ಥಾನದ ಬಾಗಿಲಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ತಾಯಿಗೆ ಹೆಕ್ಟೇರ್ ಇಲ್ಲ. ದೇವಸ್ಥಾನ ಮುಚ್ಚಿದಾಗ ಇಬ್ಬರ ವ್ಯಾಪಾರವೂ ನಿಂತಿತು. ಹಾಗೆಯೇ ವಿದ್ಯುತ್ ಶುಲ್ಕದ ಮನ್ನಾ ಕೈಗಾರಿಕಾ ಸಂಪರ್ಕ ಹೊಂದಿದ ಘಟಕಕ್ಕೆ ಸಹಾಯವಾಯಿತು. ಮನೆಯ ಮೀಟರಿನಿಂದಲೇ ಹೊಲಿಗೆ ಯಂತ್ರ ನಡೆಸುವ ಸಹೋದರಿಯ ಉದ್ಯಮ ಆ ಲೆಕ್ಕದಲ್ಲಿ ಉದ್ಯಮವೇ ಅಲ್ಲ.

ಇನ್ನು ಕೇಂದ್ರ ಸರ್ಕಾರದ ಕ್ರಮಗಳು. 2020ರ ಮೇ ತಿಂಗಳಲ್ಲಿ ಪ್ರಕಟವಾದ ಆತ್ಮನಿರ್ಭರ ಭಾರತ ಪ್ಯಾಕೇಜಿನ ದೊಡ್ಡ ಭಾಗ ತುರ್ತು ಸಾಲ ಖಾತರಿ ಯೋಜನೆ. ಉದ್ಯಮಿಯು 2020ರ ಫೆಬ್ರವರಿ 29ರಂದು ಹೊಂದಿದ್ದ ಬಾಕಿ ಸಾಲದ ಶೇ. 20ರಷ್ಟನ್ನು ಬ್ಯಾಂಕು ಹೆಚ್ಚುವರಿಯಾಗಿ ನೀಡುವುದು, ಅದಕ್ಕೆ ಹೊಸ ಅಡಮಾನ ಕೇಳದಿರುವುದು, ಆ ಸಾಲಕ್ಕೆ ಸರ್ಕಾರವೇ ಪೂರ್ಣ ಖಾತರಿ ನಿಲ್ಲುವುದು ಅದರ ತಿರುಳು. ಆರಂಭದಲ್ಲಿ 3 ಲಕ್ಷ ಕೋಟಿ ರೂಪಾಯಿ ಇದ್ದ ಮಿತಿಯನ್ನು ಹಂತ ಹಂತವಾಗಿ 5 ಲಕ್ಷ ಕೋಟಿಗೆ ಏರಿಸಲಾಯಿತು. ಅನೇಕ ಕಾರ್ಖಾನೆಗಳೂ ಅಂಗಡಿಗಳೂ ಇದರಿಂದ ಉಸಿರು ಹಿಡಿದುಕೊಂಡವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕ ಮಾಡಿ ನೋಡಿ. ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ ಸಾಲವಿದ್ದವರಿಗೆ 1 ಲಕ್ಷ ರೂಪಾಯಿ ಸಿಗುತ್ತದೆ. ಬ್ಯಾಂಕಿನಲ್ಲಿ ಸಾಲವೇ ಇಲ್ಲದೆ ಕೈಸಾಲದಲ್ಲಿ ನಡೆಯುವ ಚಹಾದಂಗಡಿಗೆ ಸೊನ್ನೆಯ ಶೇ. 20 ಎಂದರೆ ಸೊನ್ನೆಯೇ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ನೀಡಿದ ಅವಕಾಶವೂ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲಕ್ಕಷ್ಟೇ ಅನ್ವಯಿಸಿತು. ಊರಿನ ಬಡ್ಡಿ ವ್ಯವಹಾರಕ್ಕೆ ಯಾವ ವಿರಾಮವೂ ಇರಲಿಲ್ಲ.

ಬೀದಿ ಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಯೋಜನೆ ಬಂದಿತು. ಅಡಮಾನವಿಲ್ಲದೆ 10,000 ರೂಪಾಯಿ ಸಾಲ, ಸಕಾಲಕ್ಕೆ ತೀರಿಸಿದರೆ ಶೇ. 7ರ ಬಡ್ಡಿ ಸಹಾಯಧನ, ಮುಂದೆ 20,000 ಮತ್ತು 50,000 ರೂಪಾಯಿಗಳ ಸಾಲ ಎಂಬ ಮೆಟ್ಟಿಲುಗಳನ್ನು ಅದು ಹಾಕಿಕೊಟ್ಟಿತು. ಇದು ನಗರ ಪ್ರದೇಶದ ಯೋಜನೆ. ಆದರೂ ಸುತ್ತಲಿನ ಹಳ್ಳಿಗಳಿಂದ ಬಂದು ಪಟ್ಟಣದ ಮಿತಿಯೊಳಗೆ ವ್ಯಾಪಾರ ಮಾಡುವವರೂ ನಗರ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಪಡೆದು ಸೇರಬಹುದಾಗಿತ್ತು. ಬೆಳಿಗ್ಗೆ ಬಸ್ಸಿಗೆ ಸೊಪ್ಪಿನ ಗಂಟು ಹಾಕಿಕೊಂಡು ಪೇಟೆಗೆ ಹೋಗುವ ಎಷ್ಟು ಮಂದಿಗೆ ಈ ವಿಷಯ ತಿಳಿದಿತ್ತು? 2021ರಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಘೋಷಿಸಿದಾಗ ಆಧಾರವಾಗಿ ಹಿಡಿದದ್ದೂ ಇದೇ ಯೋಜನೆಯ ನೋಂದಣಿಯನ್ನು. ಒಂದು ಪಟ್ಟಿಯಲ್ಲಿ ಹೆಸರು ತಪ್ಪಿದವರು ಮುಂದಿನ ನೆರವಿನಲ್ಲಿಯೂ ತಪ್ಪಿದರು. ಗ್ರಾಮದೊಳಗಿನ ಸಂತೆಯಲ್ಲಿಯೇ ಮಾರುವವರಂತೂ ಈ ಯೋಜನೆಯ ಹೊರಗೇ ಉಳಿದರು. ಮಧ್ಯಪ್ರದೇಶ ಸರ್ಕಾರ 2020ರಲ್ಲಿ ಗ್ರಾಮೀಣ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿಗಳ ಬಡ್ಡಿರಹಿತ ಸಾಲದ ಪ್ರತ್ಯೇಕ ಯೋಜನೆಯನ್ನು ತಂದಿತು. ಆದುದರಿಂದ ಗ್ರಾಮೀಣ ವ್ಯಾಪಾರಿಗಳನ್ನು ತಲುಪುವುದು ಅಸಾಧ್ಯವೆಂದು ಹೇಳುವಂತಿಲ್ಲ.

ಇದು ನಮ್ಮ ದೇಶದ ಕೊರತೆ ಮಾತ್ರ ಎಂದು ತಾವು ಭಾವಿಸಬಾರದು. ಬ್ರಿಟನ್ ಸರ್ಕಾರ 2020ರಲ್ಲಿ ಸ್ವಯಂ ಉದ್ಯೋಗಿಗಳಿಗೆ ಅವರ ಸರಾಸರಿ ಲಾಭದ ಶೇ. 80ರಷ್ಟನ್ನು ನೇರವಾಗಿ ನೀಡಿತು. ಉದಾರವಾದ ಯೋಜನೆಯೇ ಸರಿ. ಆದರೆ 2018-19ನೇ ಸಾಲಿನ ತೆರಿಗೆ ವಿವರ ಸಲ್ಲಿಸಿದವರಿಗೆ ಮಾತ್ರ ಅದು ದೊರೆಯಿತು. ಆ ಬಳಿಕ ಸ್ವಂತ ಕಸುಬು ಆರಂಭಿಸಿದವರು ಮೊದಲ ಕಂತುಗಳಿಂದ ಹೊರಗುಳಿದರು. ಹಣವುಳ್ಳ ದೇಶದಲ್ಲಿಯೂ ವಹಿಯಲ್ಲಿ ಹೆಸರಿಲ್ಲದವರು ಬಾಗಿಲ ಹೊರಗೇ ನಿಂತರು.

ಮಾನ್ಯರೇ, ಆಪತ್ತಿನ ನಡುವೆ ಪಟ್ಟಿ ತಯಾರಿಸಲು ಹೊರಟರೆ ಎರಡು ಅನರ್ಥಗಳಾಗುತ್ತವೆ. ಅರ್ಹರು ಬಿಟ್ಟುಹೋಗುತ್ತಾರೆ, ಅನರ್ಹರು ಸೇರಿಕೊಳ್ಳುತ್ತಾರೆ. ಲಾಕ್‌ಡೌನ್‌ನಲ್ಲಿ ಜೆರಾಕ್ಸ್ ಅಂಗಡಿಯೂ ತೆರೆದಿರುವುದಿಲ್ಲ, ಬಸ್ಸೂ ಇರುವುದಿಲ್ಲ. ಆದುದರಿಂದ ಪಟ್ಟಿಯನ್ನು ನೆಮ್ಮದಿಯ ಕಾಲದಲ್ಲಿಯೇ ಮಾಡಿಡಬೇಕು. ಆ ಕೆಲಸಕ್ಕೆ ಗ್ರಾಮ ಪಂಚಾಯತಿಗಿಂತ ಯೋಗ್ಯ ಸಂಸ್ಥೆ ಬೇರೊಂದಿಲ್ಲ. ಏಕೆಂದರೆ ಯಾರು ಏನು ಮಾಡಿ ಬದುಕುತ್ತಾರೆಂಬುದು ವಾರ್ಡಿನ ಸದಸ್ಯರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು.

ಇದಕ್ಕಾಗಿ ನಾನು ಸೂಚಿಸುವುದು ಗ್ರಾಮದ ಕಸುಬುಗಳ ವಹಿ. ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು, ನಡವಳಿಯಲ್ಲಿ ದಾಖಲಿಸಿ ಇದನ್ನು ಆರಂಭಿಸಬಹುದು. ಅದರಲ್ಲಿ ಎಂಟು ಅಂಕಣಗಳು ಸಾಕು: ಕಸುಬು ನಡೆಸುವವರ ಹೆಸರು, ಕಸುಬು, ನಡೆಯುವ ಸ್ಥಳ, ಆರಂಭವಾದ ವರ್ಷ, ದುಡಿಯುವವರ ಸಂಖ್ಯೆ, ಪಂಚಾಯತಿ ಪರವಾನಗಿ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಉದ್ಯಮ್ ಅಥವಾ ಇ-ಶ್ರಮ್ ನೋಂದಣಿ ಇದೆಯೇ. ಕೊನೆಯ ಮೂರು ಅಂಕಣಗಳಲ್ಲಿ ಇಲ್ಲ ಎಂದು ಬರೆದ ಪ್ರತಿಯೊಂದು ಸಾಲೂ ನಮಗೆ ಒಂದು ಕೆಲಸವನ್ನು ಸೂಚಿಸುತ್ತದೆ.

ಆ ಕೆಲಸಗಳು ಕಠಿಣವಲ್ಲ. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ, ಅದಕ್ಕೆ ಯಾವ ಶುಲ್ಕವೂ ಇಲ್ಲ. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಅವಕಾಶ ದೊರೆತಿದೆ. ಜಿಎಸ್‌ಟಿ ಸಂಖ್ಯೆ ಇಲ್ಲದ ಅತಿ ಸಣ್ಣ ಉದ್ಯಮಗಳಿಗಾಗಿ 2023ರಲ್ಲಿ ಉದ್ಯಮ್ ಅಸಿಸ್ಟ್ ವೇದಿಕೆ ಆರಂಭವಾಗಿದೆ. ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಪೋರ್ಟಲ್ 2021ರ ಆಗಸ್ಟ್‌ನಿಂದ ಇದೆ. ಬಾಪೂಜಿ ಸೇವಾ ಕೇಂದ್ರ ನಮ್ಮ ಕಚೇರಿಯಲ್ಲಿಯೇ ಇದೆ, ಗ್ರಾಮ ಒನ್ ಕೇಂದ್ರಗಳಿವೆ, ಸ್ವಸಹಾಯ ಸಂಘಗಳ ಒಕ್ಕೂಟಗಳಿವೆ. ಪಿಎಂ ಸ್ವನಿಧಿಯ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಲು ಕೇಂದ್ರ ಸಚಿವ ಸಂಪುಟ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಮೊದಲ ಸಾಲ 15,000 ರೂಪಾಯಿಗೆ ಏರಿದೆ. ಪಟ್ಟಣಗಳ ಅಂಚಿನ ಪ್ರದೇಶಗಳಿಗೂ ಅದನ್ನು ಹಂತ ಹಂತವಾಗಿ ವಿಸ್ತರಿಸುವ ನಿರ್ಧಾರವಾಗಿದೆ. ಪಟ್ಟಣಕ್ಕೆ ಹೊಂದಿಕೊಂಡ ಪಂಚಾಯತಿಗಳ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಜನರಲ್ಲಿ ಒಂದು ಭಯವಿದೆ. ಹೆಸರು ಬರೆಸಿದರೆ ತೆರಿಗೆ ಬರುತ್ತದೆ ಎಂಬುದೇ ಆ ಭಯ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಕೆಲವು ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ತೂಗಿದ್ದನ್ನು ತಾವು ಬಲ್ಲಿರಿ. ಈ ಭಯವನ್ನು ತಳ್ಳಿಹಾಕದೆ ಸ್ಪಷ್ಟ ಉತ್ತರ ನೀಡಬೇಕು. ಸರಕು ಮಾರಾಟದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯಲ್ಲಿ 20 ಲಕ್ಷ ರೂಪಾಯಿ ವಹಿವಾಟು ಮೀರದವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ತಾಜಾ ತರಕಾರಿ, ಹಣ್ಣು, ಹಾಲಿನ ಮಾರಾಟಕ್ಕೆ ಜಿಎಸ್‌ಟಿಯೇ ಇಲ್ಲ. ಕಸುಬುಗಳ ವಹಿಯಿಂದ ಯಾವ ಹೊಸ ತೆರಿಗೆಯೂ ಹುಟ್ಟುವುದಿಲ್ಲವೆಂದು ನಿರ್ಣಯದಲ್ಲಿಯೇ ಬರೆಯೋಣ, ವಾರ್ಡ್ ಸಭೆಯಲ್ಲಿ ಓದಿ ಹೇಳೋಣ.

ವಹಿಯನ್ನು ಬರೆಯುವಾಗ ಮೂರು ಎಚ್ಚರಿಕೆಗಳನ್ನು ಪಾಲಿಸಬೇಕು. ಮೊದಲನೆಯದಾಗಿ, ಮಾಡುವ ಕಸುಬನ್ನು ಬರೆಯಬೇಕೇ ಹೊರತು ಹುಟ್ಟಿದ ಜಾತಿಯನ್ನಲ್ಲ. ಕತ್ತರಿ ಹಿಡಿದವರು ಯಾವ ಸಮುದಾಯದವರೇ ಆಗಲಿ, ಅವರು ಕ್ಷೌರಿಕ ವೃತ್ತಿಯವರೇ. ಎರಡನೆಯದಾಗಿ, ಮಹಿಳೆ ನಡೆಸುವ ಕಸುಬನ್ನು ಆಕೆಯ ಹೆಸರಿನಲ್ಲಿಯೇ ಬರೆಯಬೇಕು. ರೊಟ್ಟಿ ತಟ್ಟಿ ಮಾರುವವರು ಹೆಂಡತಿ, ವಹಿಯಲ್ಲಿ ಹೆಸರು ಗಂಡನದು ಎಂದಾದರೆ ನಾಳಿನ ನೆರವು ಆಕೆಯ ಕೈ ಸೇರುವ ಖಾತರಿ ಇಲ್ಲ. ಮೂರನೆಯದಾಗಿ, ಸಭೆಯಲ್ಲಿ ಓದುವುದು ಹೆಸರು ಮತ್ತು ಕಸುಬನ್ನು ಮಾತ್ರ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ವಹಿಯಲ್ಲಿ ಬರೆಯುವ ಅಗತ್ಯವೇ ಇಲ್ಲ. ಜೋಡಣೆ ಆಗಿದೆಯೇ ಇಲ್ಲವೇ ಎಂಬ ಗುರುತು ಸಾಕು. ಸಭೆಯಲ್ಲಿ ಬಹಿರಂಗವಾಗಿ ಓದುವುದರಿಂದ ಬಿಟ್ಟುಹೋದ ಹೆಸರನ್ನು ಜನರೇ ಸೇರಿಸುತ್ತಾರೆ, ಸುಳ್ಳು ಹೆಸರನ್ನು ಜನರೇ ಪ್ರಶ್ನಿಸುತ್ತಾರೆ.

ಈ ವಹಿ ಸರ್ಕಾರದ ನೆರವನ್ನು ತಾನಾಗಿ ತರುತ್ತದೆ ಎಂದು ನಾನು ಹೇಳುವುದಿಲ್ಲ. ನೆರವಿನ ಮೊತ್ತ, ಅರ್ಹತೆ, ಅವಧಿ ಇವೆಲ್ಲ ಸರ್ಕಾರಗಳ ತೀರ್ಮಾನ. ಎರಡು ಸಾವಿರ ರೂಪಾಯಿ ಒಂದು ಕುಟುಂಬಕ್ಕೆ ಎಷ್ಟು ದಿನ ಬಂದೀತೆಂಬುದೂ ತಮಗೆ ತಿಳಿದಿದೆ. ಆದರೆ ಆದೇಶ ಹೊರಟ ದಿನ ನಮ್ಮ ಊರಿನ ಅರ್ಜಿಗಳು ಸಿದ್ಧವಿರಬೇಕೇ, ಕೊನೆಯ ದಿನಾಂಕ ಮುಗಿದ ಮೇಲೆ ಜನ ಕಚೇರಿಯ ಮುಂದೆ ನಿಂತಿರಬೇಕೇ ಎಂಬುದನ್ನು ನಾವು ತೀರ್ಮಾನಿಸಬಹುದು. ಆಪತ್ತು ಮಹಾಮಾರಿಯ ರೂಪದಲ್ಲಿಯೇ ಬರಬೇಕೆಂದಿಲ್ಲ. ನೆರೆ ಬಂದರೂ, ಬೆಂಕಿ ಬಿದ್ದರೂ ಅಂಗಡಿ ಕಳೆದುಕೊಂಡವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮಲ್ಲಿ ದಾಖಲೆ ಏನಿದೆ?

ತಮ್ಮ ಐದು ವರ್ಷಗಳ ಅವಧಿ ಮುಗಿಯುತ್ತ ಬಂದಿದೆ. ಈ ಅವಧಿಯಲ್ಲಿ ಕಟ್ಟಿದ ಚರಂಡಿ, ಹಾಕಿದ ಬೀದಿದೀಪಗಳ ಮೇಲೆ ತಮ್ಮ ಹೆಸರಿರಬಹುದು. ಕಸುಬುಗಳ ವಹಿಯಲ್ಲಿ ತಮ್ಮ ಹೆಸರಿರುವುದಿಲ್ಲ, ತಮ್ಮ ವಾರ್ಡಿನವರ ಹೆಸರಿರುತ್ತದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದೂ, ಅಧಿಕಾರ ಹಸ್ತಾಂತರವಾಗುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಪಟ್ಟಿಯನ್ನು ಪೂರ್ಣಗೊಳಿಸಿ ಕಚೇರಿಗೆ ಒಪ್ಪಿಸಬೇಕೆಂದೂ ವಿನಂತಿಸುತ್ತೇನೆ. ಬರೆಯುವ, ಪರಿಶೀಲಿಸುವ, ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾವು ಅಧಿಕಾರಿಗಳೂ ಸಿಬ್ಬಂದಿಯೂ ಮಾಡುತ್ತೇವೆ. ಯಾರ ಮನೆಯಲ್ಲಿ ಯಾವ ಕಸುಬು ನಡೆಯುತ್ತಿದೆ ಎಂಬುದನ್ನು ತಿಳಿಸುವವರು ತಾವೇ ಆಗಬೇಕು.