ನಲವತ್ತಮೂರರಲ್ಲಿ ಮೊದಲ ಸ್ಥಾನ



ಕ್ರೀಡಾಪಟುವಿನ ಆಟದ ಆಯುಷ್ಯ ಎಷ್ಟು? ಟೆನಿಸ್‌ನ ಮಟ್ಟಿಗೆ ಎಲ್ಲರೂ ಹೇಳುವ ಲೆಕ್ಕ ಒಂದಿದೆ: ಮೂವತ್ತರ ಆಚೀಚೆ ಇಳಿಗಾಲ, ಮೂವತ್ತೈದರ ಹೊತ್ತಿಗೆ ವಿದಾಯ. ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಕೊಡಗಿನ ರೋಹನ್ ಬೋಪಣ್ಣ. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಅವರಿಗೆ 43 ವರ್ಷ. ಎರಡು ದಿನಗಳ ಬಳಿಕ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನ ಅವರದಾಯಿತು. ಆ ವಯಸ್ಸಿನಲ್ಲಿ ಆ ಸ್ಥಾನಕ್ಕೇರಿದ ಆಟಗಾರ ಅದುವರೆಗೆ ಇನ್ನೊಬ್ಬರಿರಲಿಲ್ಲ. 2025ರ ನವೆಂಬರ್ 1ರಂದು, 45ನೇ ವಯಸ್ಸಿನಲ್ಲಿ, ಅವರು ನಿವೃತ್ತಿ ಪ್ರಕಟಿಸಿದರು. ಇದೆಲ್ಲ ಹೇಗೆ ಸಾಧ್ಯವಾಯಿತು ಎಂಬುದನ್ನು ಈ ದಿನ ಸ್ವಲ್ಪ ವಿಚಾರ ಮಾಡೋಣ.

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ; ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಹಾಕಿ ಎಂದರೆ ಪ್ರಾಣ ಬಿಡುವ ನಾಡು ಅದು. ಅಲ್ಲಿ ಹುಡುಗನೊಬ್ಬ ಟೆನಿಸ್ ರ‍್ಯಾಕೆಟ್ ಹಿಡಿದ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದನ್ನು, ದಮ್ಮು ಹೆಚ್ಚಲೆಂದು ಕಾಫಿ ತೋಟಗಳಲ್ಲಿ ಓಡಿದ್ದನ್ನು ನಿವೃತ್ತಿಯ ಪ್ರಕಟಣೆಯಲ್ಲಿ ಅವರೇ ನೆನೆದಿದ್ದಾರೆ. ಹೆಚ್ಚಿನ ತರಬೇತಿಗಾಗಿ ಹದಿಹರೆಯದಲ್ಲೇ ಪುಣೆಗೆ ಹೋದರು. 2002ರಲ್ಲಿ ಡೇವಿಸ್ ಕಪ್ ತಂಡ ಸೇರಿದರು. 2003ರಲ್ಲಿ ವೃತ್ತಿಪರ ಆಟಗಾರರಾದರು.

ಆರಂಭದ ಕನಸು ಸಿಂಗಲ್ಸ್‌ನದೇ. ಆದರೆ ಅಲ್ಲಿ ಅವರು ತಲುಪಿದ ಅತ್ಯುತ್ತಮ ಸ್ಥಾನ 213, ಅದು 2007ರಲ್ಲಿ. ಸಿಂಗಲ್ಸ್‌ನಲ್ಲಿ ಆ ಸ್ಥಾನದಲ್ಲಿರುವವರಿಗೆ ದೊಡ್ಡ ಟೂರ್ನಿಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಎತ್ತರದ ನಿಲುವು, ಸಿಡಿಲಿನಂಥ ಸರ್ವ್ ಇದ್ದ ಬೋಪಣ್ಣ ಕ್ರಮೇಣ ಡಬಲ್ಸ್‌ನತ್ತ ವಾಲಿದರು. ಸೋತವರು ಹಿಡಿಯುವ ಅಡ್ಡದಾರಿ ಇದು ಎಂದು ನೀವು ಭಾವಿಸಬಾರದು. ಡಬಲ್ಸ್ ಬೇರೆಯೇ ಒಂದು ಆಟ.

ಅಳತೆಗಳನ್ನೇ ನೋಡಿ. ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್, ಕಾಯಲು ಒಬ್ಬರೇ. ಡಬಲ್ಸ್ ಅಂಕಣದ ಅಗಲ 10.97 ಮೀಟರ್, ಕಾಯಲು ಇಬ್ಬರು. ಅಂದರೆ ಒಬ್ಬೊಬ್ಬರ ಪಾಲಿಗೆ ಸುಮಾರು ಐದೂವರೆ ಮೀಟರ್. ಓಟ ಕಡಿಮೆಯಾಯಿತು, ನಿಜ. ಆದರೆ ಸಮಯವೂ ಕಡಿಮೆಯಾಯಿತು! ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಅಂಕಣದ ಉದ್ದ 23.77 ಮೀಟರ್. ಗಾಳಿಯ ತಡೆ, ನೆಲದ ಪುಟಿತಗಳಿಂದ ವೇಗ ಕುಗ್ಗಿದರೂ ಎದುರಾಳಿಗೆ ದೊರೆಯುವುದು ಅರ್ಧ ಸೆಕೆಂಡಿನ ಆಸುಪಾಸು ಮಾತ್ರ. ಬಲೆಯ ಬಳಿ ನಿಂತ ಡಬಲ್ಸ್ ಆಟಗಾರನತ್ತ ಚೆಂಡು ಬರುವ ದೂರ ಇದರ ಅರ್ಧದಷ್ಟು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಆದ್ದರಿಂದ ಚೆಂಡು ಹೊರಟ ಮೇಲೆ ಯೋಚಿಸುವವನಿಗೆ ಇಲ್ಲಿ ಉಳಿಗಾಲವಿಲ್ಲ. ಎದುರಾಳಿಯ ಭುಜ ತಿರುಗುವ ರೀತಿಯಿಂದಲೇ ಚೆಂಡಿನ ದಾರಿ ಊಹಿಸಬೇಕು. ಈ ಊಹೆ ಕಾಲಿನ ಬಲದಿಂದ ಬರುವುದಿಲ್ಲ, ಅನುಭವದಿಂದ ಬರುತ್ತದೆ. ವಯಸ್ಸು ಸಂಪೂರ್ಣ ಶತ್ರುವಾಗದ ಆಟವಿದು.

ಹಾಗೆಂದು ಗೆಲುವು ಬೇಗ ಬರಲಿಲ್ಲ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪಿದರು. ಭಾರತ ಮತ್ತು ಪಾಕಿಸ್ತಾನದ ಆಟಗಾರರಿಬ್ಬರು ಒಂದೇ ಬದಿಯಲ್ಲಿ ನಿಂತು ಶಾಂತಿಯ ಮಾತನಾಡಿದ್ದು ಆಗ ಜಗತ್ತಿನ ಗಮನ ಸೆಳೆಯಿತು. ಫೈನಲ್‌ನಲ್ಲಿ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಕಳೆದುಕೊಂಡರು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ 0-2ರ ಹಿನ್ನಡೆಯಿಂದ ಮೇಲೆದ್ದಾಗ, ನಿರ್ಣಾಯಕ ಐದನೇ ಪಂದ್ಯ ಗೆದ್ದುಕೊಟ್ಟವರು ಬೋಪಣ್ಣ, ಅದೂ ಸಿಂಗಲ್ಸ್‌ನಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಆಡಿ, ಕಂಚಿನ ಪದಕದ ಪಂದ್ಯದಲ್ಲಿ ಸೋತರು. ಮೊದಲ ಗ್ರ್ಯಾನ್ ಸ್ಲಾಮ್ ಪ್ರಶಸ್ತಿ ಬಂದದ್ದು 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ. ಎರಡು ಬಾರಿ ಸೋಲಿನ ಅಂಚಿಗೆ, ಒಂದೇ ಅಂಕದ ದೂರಕ್ಕೆ, ಹೋಗಿ ಬಂದ ಗೆಲುವು ಅದು. ಆಗ ಅವರಿಗೆ 37.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಆಟ ಬಿಡುತ್ತೇನೆಂದು ಪತ್ನಿಗೆ ವಿಡಿಯೊ ಸಂದೇಶ ಕಳಿಸಿದ್ದಾಗಿ ಮೆಲ್ಬರ್ನ್‌ನ ಗೆಲುವಿನ ನಂತರ ಅವರೇ ಹೇಳಿದರು. ಜೊತೆಗೆ ಮಂಡಿಗಳದೊಂದು ತೊಂದರೆ. ಮೂಳೆಗಳ ತುದಿಗೆ ಮೆತ್ತೆಯಂತೆ ಇರುವ ಮೃದ್ವಸ್ಥಿ ಸವೆದುಹೋಗಿತ್ತು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಹಾಗಾಗಿ ಒಮ್ಮೆ ಸವೆದರೆ ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ. ಬೋಪಣ್ಣ ಅಯ್ಯಂಗಾರ್ ಯೋಗದ ಮೊರೆ ಹೊಕ್ಕರು. ಈ ಪದ್ಧತಿಯ ಜನಕ ಬಿ. ಕೆ. ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ಆಸರೆಯಿಂದ ಪ್ರತಿ ಆಸನವನ್ನೂ ಸರಿಯಾದ ಭಂಗಿಯಲ್ಲಿ ನಿಲ್ಲಿಸುವುದು ಇದರ ಕ್ರಮ. ಯೋಗದಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಂದು ಯಾರೂ ತಿಳಿಯಬಾರದು. ತೊಡೆಯ ಸ್ನಾಯುಗಳು ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆಯಲ್ಲಿ ಒಂದು ಪಾಲನ್ನು ಅವು ಹೊರುತ್ತವೆ. ನೋವು ತಗ್ಗಿತೆಂದು, ಅಂಕಣದಲ್ಲಿ ಚಲನೆ ಹಗುರವಾಯಿತೆಂದು ಅವರು ಹೇಳಿಕೊಂಡಿದ್ದಾರೆ.

ನಂತರದ್ದು ಸುಗ್ಗಿ. 2023ರಲ್ಲಿ ಎಬ್ಡೆನ್ ಜೊತೆ ಇಂಡಿಯನ್ ವೆಲ್ಸ್ ಪ್ರಶಸ್ತಿ, ಅಮೆರಿಕನ್ ಓಪನ್ ಫೈನಲ್. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ. 2024ರಲ್ಲಿ ಮೆಲ್ಬರ್ನ್, ಆಮೇಲೆ ಮಯಾಮಿ, ಪದ್ಮಶ್ರೀ ಗೌರವ. ಒಲಿಂಪಿಕ್ ಪದಕ ಮಾತ್ರ ಕೊನೆಗೂ ಕೈಗೆಟುಕಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತು, ದೇಶದ ಪರ ಆಡುವುದಕ್ಕೆ ವಿದಾಯ ಹೇಳಿದರು.

ತಾಳಿದವನು ಬಾಳಿಯಾನು ಎನ್ನುತ್ತದೆ ನಮ್ಮ ಗಾದೆ. ಬೋಪಣ್ಣನವರ ವಿಷಯದಲ್ಲಿ ಅದು ಅರ್ಧ ಸತ್ಯ. ಅವರು ಬರಿದೇ ತಾಳಿಕೊಂಡು ಕೂರಲಿಲ್ಲ. ಸಿಂಗಲ್ಸ್ ಒಗ್ಗದಿದ್ದಾಗ ದಾರಿ ಬದಲಿಸಿದರು, ಮಂಡಿ ಸವೆದಾಗ ಅಭ್ಯಾಸ ಬದಲಿಸಿದರು. ಬದಲಿಸದೆ ಉಳಿಸಿಕೊಂಡದ್ದು ಆಟವೊಂದನ್ನೇ. ಒಂದು ಪರೀಕ್ಷೆಯ ಅಂಕಪಟ್ಟಿ ಹಿಡಿದು ತಮ್ಮ ಅಳತೆ ಇಷ್ಟೇ ಎಂದುಕೊಳ್ಳುವ ನಿಮ್ಮ ಗೆಳೆಯರಿಗೆ ಆ 213 ಎಂಬ ಸಂಖ್ಯೆಯನ್ನು ನೆನಪಿಸಿ.

ಕೊನೆಗೊಂದು ಕೆಲಸ. ಮುಂದಿನ ಬಾರಿ ಟಿ.ವಿ.ಯಲ್ಲಿ ಡಬಲ್ಸ್ ಪಂದ್ಯ ಬಂದರೆ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಬಲೆಯ ಬಳಿ ನಿಂತ ಆಟಗಾರನನ್ನಷ್ಟೇ ಹತ್ತು ನಿಮಿಷ ನೋಡಿ. ಚೆಂಡಿಗಿಂತ ಮೊದಲೇ ಅವನು ಎಷ್ಟು ಸಲ ಹೊರಟುಬಿಡುತ್ತಾನೆ ಎಂಬುದನ್ನು ಎಣಿಸಿ.